ನಮ್ಮೂರು ಅಂದ್ರೆ ಬರೀ ಡ್ರೋನ್ ಶಾಟ್ ಅಲ್ಲ ಕಣ್ರೋ

(ಹೋಬಳಿ ಕಥೆ, ಕಂತು 6. ಕ್ಯಾಪ್ಷನ್ ಉದ್ದ ಆಯ್ತು, ಏಳು ಪೋಸ್ಟಿಗೆ ಹಂಚಿ ಹಾಕಿದೀನಿ. ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ.)

1/7

ಜಾತ್ರೆ ಸೀಸನ್ ಬಂತು ಅಂದ್ರೆ ನಿಮ್ಮೆಲ್ಲರ ಸ್ಟೋರಿ ಒಂದೇ ಥರ ಇರ್ತವೆ. ಮೇಲಿಂದ ತೆಂಗಿನ ತೋಟ, ಮಧ್ಯೆ ಕೆರೆ, ಪಕ್ಕದಲ್ಲಿ ಗುಡಿ ಗೋಪುರ, ಹಿಂದೆ ಒಂದು ಬಿಜಿಎಂ, ಮೇಲೆ ದಪ್ಪ ಅಕ್ಷರದಲ್ಲಿ "ನಮ್ಮೂರು ನಮ್ಮ ಹೆಮ್ಮೆ". ಚೆನ್ನಾಗೇ ಇರ್ತವೆ, ಲೈಕೂ ಕೊಡ್ತೀನಿ. ಆದ್ರೆ ಒಂದ್ಸಲ ನಿಮ್ಮದೇ ಹಳೇ ಸ್ಟೋರಿ ತೆಗೆದು ನೋಡಿ. ಅದರಲ್ಲಿ ಮನುಷ್ಯರು ಎಷ್ಟು ಜನ ಇದಾರೆ? ಇದ್ರೂ ಅವರ ಹೆಸರು ಎಲ್ಲಾದ್ರೂ ಇದೆಯಾ?

ನಾನು ಈಗ ಹೇಳೋದು ಕೆಲವರಿಗೆ ಕೋಪ ತರಿಸಬಹುದು, ಅದರಲ್ಲೂ ಹಬ್ಬದ ಕಮಿಟಿ ಕಡೆಯ ಅಣ್ಣಂದಿರಿಗೆ. ನಮ್ಮ ಕಡೆ ಪರಂಪರೆ ಅಂತ ಏನಿದೆಯೋ, ಅದರ ಮುಕ್ಕಾಲು ಪಾಲು ಇರೋದು ಬದುಕಿರೋ ಜನರ ಕೈಯಲ್ಲಿ, ಕಿವಿಯಲ್ಲಿ, ಕಾಲಲ್ಲಿ. ಅವರ ಹೆಸರು ಹೇಳದೆ, ಸರಿಯಾದ ಕೂಲಿ ಕೊಡದೆ, ಊಟಕ್ಕೆ ಜೊತೇಲಿ ಕೂರಿಸಿಕೊಳ್ಳದೆ "ಹೆಮ್ಮೆ" ಅಂತ ಬರೆಯೋಕೆ ನಮಗೆ ಹಕ್ಕಿಲ್ಲ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ದಬ್ಬೇಘಟ್ಟ ಅಂದ್ರೆ ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಒಂದು ಹೋಬಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಸೇರಿದ್ರೆ ತೆಂಗಿನ ಸೀಮೆ. ಬಸ್ಸಿನ ಕಿಟಕಿ ಪಕ್ಕ ಕೂತ್ರೆ ಮರ ಮುಗಿಯೋ ಮುಂಚೆ ಟಿಕೆಟ್ ದುಡ್ಡು ಮುಗಿಯುತ್ತೆ.

2/7

ಕಲ್ಲಿನ ವಿಷಯ ಮೊದಲು ಮುಗಿಸಿಬಿಡ್ತೀನಿ. "ಹೆರಿಟೇಜ್" ಅಂದ ತಕ್ಷಣ ಎಲ್ಲರೂ ಓಡೋದು ಅಲ್ಲಿಗೇ.

ಹೌದು, ನಮ್ಮಲ್ಲಿ ಹೊಯ್ಸಳರ ಗುಡಿಗಳಿಗೆ ಬರ ಇಲ್ಲ. ತುರುವೇಕೆರೆ ಪಟ್ಟಣದಲ್ಲೇ ಚೆನ್ನಕೇಶವ, ಮೂಲೆ ಶಂಕರೇಶ್ವರ ಎರಡೂ 13ನೇ ಶತಮಾನದವು. ನಾಗಲಾಪುರದಲ್ಲಿ ಕೇದಾರೇಶ್ವರ, ಚೆನ್ನಕೇಶವ ಇದಾವೆ. ವಿಘ್ನಸಂತೆಯ ಲಕ್ಷ್ಮೀನರಸಿಂಹ 1286ರದ್ದು. ಅರಳಗುಪ್ಪೆಗೆ ಹೋದ್ರೆ ಹೊಯ್ಸಳರಿಗಿಂತ ಹಳೇದಾದ ಕಲ್ಲೇಶ್ವರನ ಗುಡಿಯೂ ಸಿಗುತ್ತೆ. ಅಲ್ಲಿ ತಲೆ ಎತ್ತಿ ಚಾವಣಿ ನೋಡದೆ ಬಂದವರು ಹೋಗಿ ಬಂದಂಗೇ ಅಲ್ಲ. ನಟರಾಜ ಕುಣಿತಾ ಇದಾನೆ, ಸುತ್ತ ಅಷ್ಟದಿಕ್ಪಾಲಕರು ಕೂತಿದಾರೆ.

ಅದೇ ಅರಳಗುಪ್ಪೆಯ ಚೆನ್ನಕೇಶವನ ವಿಗ್ರಹ ಕಡೆದವನು ಹೊನೋಜ. ಒಬ್ಬ ಕೆಲಸಗಾರನ ಹೆಸರು ಇಷ್ಟು ಶತಮಾನ ದಾಟಿ ನಮಗೆ ಸಿಕ್ಕಿದೆ ಅಂದ್ರೆ ಸುಮ್ಮನೆ ಅಲ್ಲ. ಆ ಕಾಲದ ಗುಡಿಗಳಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನ ಕಲ್ಲಲ್ಲೇ ಕೆತ್ತಿಟ್ಟು ಹೋಗ್ತಿದ್ರು.

ಇನ್ನೊಂದು ಕಲ್ಲು ನಿಮ್ಮೂರ ಕೆರೆ ಏರಿ ಪಕ್ಕದಲ್ಲೋ ಹೊಲದ ಬದುವಿನಲ್ಲೋ ವಾಲಿಕೊಂಡಿರಬಹುದು, ವೀರಗಲ್ಲು. ಹಳಗನ್ನಡದಲ್ಲಿ ತುರು ಅಂದ್ರೆ ಹಸು. ದನ ಹೊಡ್ಕೊಂಡು ಹೋಗೋಕೆ ಬಂದವರ ಜೊತೆ ಬಡಿದಾಡಿ ಸತ್ತವನಿಗೆ ಊರವರು ಕಲ್ಲು ನಿಲ್ಲಿಸ್ತಿದ್ರು. ಬರಹ ಇರೋ ಕಲ್ಲುಗಳಲ್ಲಿ ಎಷ್ಟೋ ಸಲ ಅವನ ಹೆಸರು ಇರುತ್ತೆ, ಅಪ್ಪನ ಹೆಸರು ಇರುತ್ತೆ. ಅವನು ರಾಜನೂ ಅಲ್ಲ, ದಂಡನಾಯಕನೂ ಅಲ್ಲ, ದನ ಕಾಯ್ದವನು. ಬಿ.ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟು ಮಾಡಿ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ತಂದಿದ್ದು 1904ರಲ್ಲಿ. ಅದನ್ನ ತಿರುವಿ ಹಾಕಿದ್ರೆ ನಮ್ಮೂರ ಕಡೆಯ ಜನ ಸಾಲಾಗಿ ಬಂದು ನಿಲ್ತಾರೆ.

ಕಲ್ಲು ಕಡಿಯೋ ಕಷ್ಟ ಇದ್ದ ಕಾಲದಲ್ಲಿ ಹೆಸರು ಬರೆದ್ರು. ಬೆರಳಲ್ಲಿ ಟೈಪ್ ಮಾಡೋ ಕಾಲದಲ್ಲಿ ನಾವು "ವಿಲೇಜ್ ಲೈಫ್" ಅಂತ ಹಾಕಿ ಕೈ ತೊಳ್ಕೊತೀವಿ.

(ಕ್ವಿಜ್ ಆಡೋರಿಗೆ: ತೀ.ನಂ. ಶ್ರೀಕಂಠಯ್ಯನವರ ಹೆಸರಲ್ಲಿರೋ "ತೀ" ಅಂದ್ರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಸಾ.ಶಿ. ಮರುಳಯ್ಯನವರ "ಸಾ" ಅಂದ್ರೆ ಅದೇ ತಾಲ್ಲೂಕಿನ ಸಾಸಲು. ಅವರು ಊರನ್ನ ಹೆಸರಿನ ಮುಂದೇನೇ ಇಟ್ಕೊಂಡು ಓಡಾಡಿದ್ರು, ನಾವು ಬಯೋದಲ್ಲಿ "ಬೆಂಗಳೂರು" ಅಂತ ಹಾಕ್ತೀವಿ.)

3/7

ಈಗ ಕೊಬ್ಬರಿಗೆ ಬರೋಣ. ಇದನ್ನ ಸ್ವಲ್ಪ ನಿಧಾನವಾಗಿ ಓದಿ. ತೋಟ ಇರೋ ಮನೆಯವರೇ ಎಷ್ಟೋ ಜನಕ್ಕೆ ಇದು ಪೂರ್ತಿ ಗೊತ್ತಿಲ್ಲ.

ತಿಪಟೂರಿನ ಉಂಡೆ ಕೊಬ್ಬರಿ ಅಂದ್ರೆ ಉತ್ತರ ಭಾರತದ ಮಾರುಕಟ್ಟೆಯಲ್ಲಿ ಅದಕ್ಕೊಂದು ಮರ್ಯಾದೆ ಇದೆ. ಅಲ್ಲಿ ಅದು ಡ್ರೈ ಫ್ರೂಟ್ ಸಾಲಿಗೆ ಸೇರುತ್ತೆ. ಮದುವೆಗೆ, ಪೂಜೆಗೆ, ಸಿಹಿಗೆ ಬೇಕು. ಎಣ್ಣೆಗೆ ಹೋಗೋ ಕೊಬ್ಬರಿಯನ್ನ ಹೋಳು ಮಾಡಿ ಬಿಸಿಲಲ್ಲಿ ಒಣಗಿಸಿದ್ರೆ ಕೆಲವೇ ದಿನದ ಕೆಲಸ. ನಮ್ಮದು ಹಾಗಲ್ಲ. ಕಾಯನ್ನ ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿದ್ರೆ ಹತ್ತು ಹನ್ನೊಂದು ತಿಂಗಳು ಅದನ್ನ ಮುಟ್ಟೋ ಹಾಗಿಲ್ಲ. ಒಳಗಿನ ನೀರು ತಾನಾಗೇ ಇಂಗಬೇಕು, ತಿರುಳು ತಾನಾಗೇ ಚಿಪ್ಪು ಬಿಡಬೇಕು. ಅಟ್ಟದ ಹಲಗೆಗಳ ನಡುವೆ ಸಂದಿ ಯಾಕೆ ಬಿಟ್ಟಿರ್ತಾರೆ ಅಂತ ಯೋಚಿಸಿದೀರಾ? ಕೆಳಗಿಂದ ಗಾಳಿ ಆಡ್ಬೇಕು ಅಂತ. ನಮ್ಮ ಹಳೇ ಮನೆಗಳ ಲೆಕ್ಕಾಚಾರವೇ ಅದು. ಮನುಷ್ಯರು ಕೆಳಗೆ, ಕಾಯಿ ಮೇಲೆ. ಮಳೆಗಾಲದ ರಾತ್ರಿ ಅಟ್ಟದ ಮೇಲೆ ಇಲಿ ಓಡಾಡಿ ಒಂದು ಕಾಯಿ ಉರುಳಿದ್ರೆ ಮನೇಲಿ ಎಲ್ಲರಿಗೂ ಎಚ್ಚರ.

ಒಣಗಿದೆಯೋ ಇಲ್ವೋ ಅಂತ ತಿಳಿಯೋಕೆ ಮೀಟರ್ ಇಲ್ಲ, ಕಿವಿ ಇದೆ. ನಮ್ಮಜ್ಜಿ ಕಾಯಿ ಎತ್ತಿ ಕಿವಿ ಹತ್ರ ಒಂದ್ಸಲ ಅಲ್ಲಾಡಿಸ್ತಾರೆ, ಅಷ್ಟೇ. ಗುಳುಗುಳು ಅಂದ್ರೆ ವಾಪಸ್ ಅಟ್ಟಕ್ಕೆ. ಲೊಡಲೊಡ ಅಂದ್ರೆ ಸುಲಿಯೋಕೆ. ನನಗೆ ಎರಡೂ ಒಂದೇ ಥರ ಕೇಳ್ಸುತ್ತೆ. "ಇಯರ್‌ಫೋನ್ ತೆಗೆದ್ರೆ ಗೊತ್ತಾಯ್ತದೆ" ಅಂತಾರೆ ಅಜ್ಜಿ.

ಆಮೇಲೆ ಸುಲಿಯೋರು ಬರ್ತಾರೆ. ನೆಲಕ್ಕೆ ಊರಿದ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ತಿರುವಿದ್ರೆ ಮೂರು ಏಟಿಗೆ ಮಟ್ಟೆ ಈಚೆಗೆ. ಅಲ್ಲಿಂದ ಹೆಂಗಸರ ಕೈಗೆ. ಎಡಗೈಯಲ್ಲಿ ಕಾಯಿ ತಿರುಗಿಸ್ತಾ ಬಲಗೈಯಲ್ಲಿ ಮಚ್ಚಿನ ಹಿಂಬದಿಯಿಂದ ಸುತ್ತಲೂ ತಟ್ಟುತ್ತಾ ಹೋದ್ರೆ ಚಿಪ್ಪು ಒಡೆದು ಉದುರುತ್ತೆ, ಒಳಗಿನ ಉಂಡೆಗೆ ಒಂದು ಗೀರೂ ಬೀಳಲ್ಲ. ಬಿದ್ರೆ ರೇಟು ಕಮ್ಮಿ, ಚೂರಾದ್ರೆ ಇನ್ನೂ ಕಮ್ಮಿ. ಅಂದ್ರೆ ಕ್ವಿಂಟಲ್ ಬೆಲೆ ನಿರ್ಧಾರ ಆಗೋದು ಮಾರುಕಟ್ಟೆ ಅಂಗಳದಲ್ಲಿ ಮಾತ್ರ ಅಲ್ಲ, ನಮ್ಮನೆ ಹಿತ್ತಲಲ್ಲಿ ಕಾಲು ಚಾಚಿ ಕೂತ ಆ ಅಕ್ಕಂದಿರ ಮಣಿಕಟ್ಟಲ್ಲೂ. ಅವರ ಬೆರಳು ಒಂದ್ಸಲ ಹತ್ರದಿಂದ ನೋಡಿ. ಫೋನಿನ ಫಿಂಗರ್‌ಪ್ರಿಂಟ್ ಅವರಿಗೆ ಕೆಲಸ ಮಾಡಲ್ಲ, ಗೆರೆಗಳೇ ಸವೆದಿವೆ. ಬೆರಳು ಒತ್ತಿಸಿಕೊಂಡು ರೇಷನ್ ಕೊಡೋ ಕಡೆ ಇದರಿಂದ ಏನು ಪಾಡು ಅಂತ ಅವರನ್ನೇ ಕೇಳಿ.

4/7

ರೇಟಿನ ಕಥೆ ನಿಮಗೆ ಗೊತ್ತಿರೋದೇ, ಆದ್ರೂ ಒಂದೇ ಸಾಲಲ್ಲಿ ಇಟ್ಟು ನೋಡಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗ್ತಿದ್ದಿದ್ದು 8 ಸಾವಿರದ ಆಸುಪಾಸು. 2024ಕ್ಕೆ ಬೆಂಬಲ ಬೆಲೆ 12,000 ಆಯ್ತು, ರಾಜ್ಯದ್ದು ಮೇಲೆ 1,500. ನ್ಯಾಫೆಡ್ ಖರೀದಿಗೆ ಹೆಸರು ಬರೆಸೋಕೆ ರಾತ್ರಿಯಿಂದ ಕ್ಯೂ ನಿಂತವರ ನೋಂದಣಿ, ಅಕ್ರಮದ ದೂರು ಬಂದು ರದ್ದಾಯ್ತು. ಮತ್ತೆ ಮೊದಲಿಂದ ನಿಲ್ಲಬೇಕಾಯ್ತು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು.

ಆಗ ಎಲ್ಲರ ಮನೇಲೂ ಒಂದೇ ಮಾತು, "ಅಟ್ಟದಲ್ಲಿ ಐತಾ?" ಬಹಳ ಮನೆಯ ಅಟ್ಟ ಖಾಲಿ. ಬರಗಾಲಕ್ಕೆ ಫಸಲು ಇಳಿದಿತ್ತು, ಕಪ್ಪುತಲೆ ಹುಳು, ಬಿಳಿನೊಣ, ಕಾಂಡದಲ್ಲಿ ರಸ ಸೋರೋ ರೋಗ ಎಲ್ಲ ಸೇರಿ ಮರಗಳು ಸೊರಗಿದ್ವು. ಇದ್ದ ಕಾಯನ್ನೂ ಎಳನೀರಿಗೋ ಹಸಿಕಾಯಿಗೋ ಕೊಟ್ಟಾಗಿತ್ತು. ಕೈಗೆ ಇವತ್ತೇ ದುಡ್ಡು ಬರೋವಾಗ ಹನ್ನೊಂದು ತಿಂಗಳು ಕಾಯೋರು ಯಾರು? ಇದರಲ್ಲಿ ರೈತರದ್ದು ತಪ್ಪು ಅಂತ ನಾನು ಹೇಳಲ್ಲ. ಮಗಳ ಫೀಸು ಕಟ್ಟೋಕೆ ಅಟ್ಟ ಕಾಯಲ್ಲ.

ಆದ್ರೆ ಲೆಕ್ಕ ಇನ್ನೂ ಮುಂದಕ್ಕೆ ಹೋಗುತ್ತೆ. ಹಸಿಯಾಗೇ ಮಾರಿದ್ರೆ ಅಟ್ಟ ಬೇಡ. ಅಟ್ಟ ಇಲ್ಲದ ಮೇಲೆ ಅಲ್ಲಾಡಿಸಿ ಕೇಳೋ ಕಿವಿ ಬೇಡ. ಚಿಪ್ಪು ಬಿಡಿಸೋ ಮಣಿಕಟ್ಟು ಬೇಡ. ಹೊಸ ಮನೆ ಕಟ್ಟೋರು ಅಟ್ಟವನ್ನೇ ಪ್ಲಾನಿಂದ ತೆಗೀತಿದಾರೆ. ಒಂದು ಹತ್ತು ವರ್ಷ ಹೀಗೇ ಹೋದ್ರೆ ಉಂಡೆ ಕೊಬ್ಬರಿ ಮಾಡೋದು ಹೇಗೆ ಅಂತ ನಾವು ಯೂಟ್ಯೂಬಲ್ಲಿ ಹುಡುಕ್ತೀವಿ.

5/7

ನಾವು ಬಿಕಾಂನವರು, ಸ್ವಲ್ಪ ನಮ್ಮ ಭಾಷೇಲೇ ಮಾತಾಡೋಣ. ಅಕೌಂಟಿಂಗ್ ಸ್ಟ್ಯಾಂಡರ್ಡ್ 26 ಓದಿದೀರಲ್ಲ? ಒಂದು ಕಂಪನಿ ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನ ಆಸ್ತಿ ಅಂತ ಪುಸ್ತಕದಲ್ಲಿ ತೋರಿಸೋ ಹಾಗಿಲ್ಲ. ಅದೇ ಗುಡ್‌ವಿಲ್ ಅನ್ನ ಬೇರೆಯವರು ದುಡ್ಡು ಕೊಟ್ಟು ಕೊಂಡ್ರೆ, ಆಗ ಬ್ಯಾಲೆನ್ಸ್ ಶೀಟಲ್ಲಿ ಜಾಗ ಸಿಗುತ್ತೆ. ಕ್ಲಾಸಲ್ಲಿ ಕೇಳಿದಾಗ ನನಗೆ ನಮ್ಮ ಹಿತ್ತಲೇ ನೆನಪಾಯ್ತು. ತಿಪಟೂರು ಕೊಬ್ಬರಿ ಅನ್ನೋ ಹೆಸರನ್ನ ಬೆಳೆಸಿದ್ದು ಈ ಕೈಗಳು, ಅವು ಯಾವ ಪುಸ್ತಕದಲ್ಲೂ ಇಲ್ಲ. ಆ ಹೆಸರನ್ನ ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿ ಮಾರೋವನು ಬ್ರ್ಯಾಂಡ್ ಓನರ್.

ಮರ ಹತ್ತೋರ ವಿಷಯ ಇನ್ನೂ ಖಾರ. ನಮ್ಮ ಊರುಗಳಲ್ಲಿ ಕಾಯಿ ಕೀಳೋಕೆ ಜನ ಸಿಗಲ್ಲ ಅಂತ ಎಲ್ಲರೂ ಗೊಣಗ್ತಾರೆ. ಸಿಕ್ಕೋರು ಐವತ್ತು ದಾಟಿದವರು. ಅವರ ಮಕ್ಕಳು ಯಾಕೆ ಹತ್ತಲ್ಲ ಅಂತ ಕೇಳ್ತೀವಿ, ನಮ್ಮ ಮಕ್ಕಳು ಹತ್ತಲ್ವಲ್ಲ ಅಂತ ಕೇಳ್ಕೊಳಲ್ಲ. ಬಿದ್ದು ಸೊಂಟ ಮುರಿದವರು ನಿಮಗೂ ಒಬ್ಬರಾದ್ರೂ ಗೊತ್ತಿರ್ತಾರೆ. ತೆಂಗು ಅಭಿವೃದ್ಧಿ ಮಂಡಳಿಯದ್ದು "ಕೇರ ಸುರಕ್ಷಾ" ಅಂತ ಮರ ಹತ್ತೋರಿಗೇ ಇರೋ ಅಪಘಾತ ವಿಮೆ ಇದೆ, ಪ್ರೀಮಿಯಂನಲ್ಲಿ ದೊಡ್ಡ ಪಾಲು ಮಂಡಳಿಯೇ ಕಟ್ಟುತ್ತೆ. ಅದೇ ಮಂಡಳಿ 2011ರಿಂದ ಯಂತ್ರ ಬಳಸಿ ಮರ ಹತ್ತೋ ತರಬೇತಿಯನ್ನೂ ಕೊಡ್ತಾ ಬಂದಿದೆ. ನಮ್ಮ ಬೀದಿಯಲ್ಲಿ ಮರ ಹತ್ತೋ ಮೂವರನ್ನ ನಾನು ಕೇಳಿದೆ, ಒಬ್ಬರಿಗೂ ಈ ವಿಮೆ ಇದೆ ಅನ್ನೋದೇ ಗೊತ್ತಿರಲಿಲ್ಲ. ಫಾರ್ಮ್ ತುಂಬೋಕೆ ಅರ್ಧ ಗಂಟೆ ಸಾಕು. ಸೆಪ್ಟೆಂಬರ್ 2ಕ್ಕೆ ವಿಶ್ವ ತೆಂಗು ದಿನ ಅಂತ ಎಲ್ಲರೂ ಒಂದೊಂದು ಪೋಸ್ಟರ್ ಹಾಕ್ತೀವಲ್ಲ, ಆ ದಿನ ಪೋಸ್ಟರ್ ಬದಲು ಒಂದೊಂದು ಫಾರ್ಮ್ ತುಂಬಿಸಿಕೊಟ್ರೆ ನಮ್ಮ ಕ್ಲಾಸಿಂದಲೇ ಅರವತ್ತು ಜನಕ್ಕೆ ಆಗುತ್ತೆ.

ಮೂವರಲ್ಲಿ ಒಬ್ಬರನ್ನ, "ನಿಮ್ಮ ಹೆಸರು, ಫೋಟೋ ಹಾಕ್ಲಾ ಮಾವ?" ಅಂತ ಕೇಳಿದೆ. "ಹೆಸ್ರು ಹಾಕಿ ಏನ್ ಮಾಡ್ತೀಯವ್ವ, ಮರಕ್ಕಿಷ್ಟು ಅಂತ ರೇಟು ಹಾಕು" ಅಂದ್ರು. ಈ ಕಂತಲ್ಲಿ ಯಾರ ಹೆಸರೂ ಇಲ್ಲದಿರೋದು ಅದಕ್ಕೇ. ಒಪ್ಪಿದವರದ್ದು ಮಾತ್ರ ಹಾಕೋದು ಅಂತ ನಮ್ಮ ಪೇಜಿನ ನಿಯಮ. ಅವರು ಹೇಳಿದ್ರಲ್ಲಿ ನ್ಯಾಯವೂ ಇದೆ. ಹೆಸರು ಹಾಕಿ ಕೂಲಿಗೆ ಚೌಕಾಸಿ ಮಾಡೋರಿಗಿಂತ ಹೆಸರು ಹಾಕದೆ ಸರಿಯಾಗಿ ಕೊಡೋರು ಮೇಲು.

6/7

ಈಗ ಹಬ್ಬ. ಇಲ್ಲೇ ಕಮಿಟಿ ಅಣ್ಣಂದಿರು ಅನ್‌ಫಾಲೋ ಮಾಡೋದು.

ಸೋಮನ ಕುಣಿತ ಗೊತ್ತಲ್ಲ? ಕೆಂಪು, ಹಳದಿ ಬಣ್ಣದ ದೊಡ್ಡ ಮರದ ಮುಖ, ಅಷ್ಟಗಲ ಕಣ್ಣು, ಹೂವು, ಸೀರೆ, ಅದನ್ನ ತಲೆ ಮೇಲೆ ಹೊತ್ತು ಊರಮ್ಮನ ಮುಂದೆ ಕುಣಿಯೋದು. ಸೋಮ ಅಂದ್ರೆ ಗ್ರಾಮದೇವತೆಯ ಕಾವಲಿನವನು. ಅವನು ಮುಂದೆ ಹೋಗದೆ ಅಮ್ಮ ಹೊರಡಲ್ಲ. ಅವನ ಕಾಲು ಏಳೋದು ಅರೆ ವಾದ್ಯಕ್ಕೆ. ಅರೆಯ ಆ ಚಟಪಟ ಶುರುವಾದ್ರೆ ಕೂತವರ ಮಂಡಿಯೂ ಅಲ್ಲಾಡುತ್ತೆ. ಚಿಕ್ಕ ಮಕ್ಕಳು ಸೋಮನ ಕಣ್ಣು ನೋಡಿ ಅಮ್ಮನ ಸೆರಗಲ್ಲಿ ಮುಖ ಮುಚ್ಕೊಂಡು, ಮತ್ತೆ ಸಂದೀಲಿ ಇಣುಕಿ ನೋಡ್ತಾರೆ. ಇದನ್ನ ನೋಡೋಕೆ ಬೇರೆ ದೇಶದವರು ವಿಮಾನ ಹತ್ತಿ ಬಂದ್ರೂ ಆಶ್ಚರ್ಯ ಇಲ್ಲ.

ಈಗಿನ ಮೆರವಣಿಗೆಯಲ್ಲಿ ಸೋಮನ ಹಿಂದೇನೇ ಡಿಜೆ ಟ್ರ್ಯಾಕ್ಟರ್ ಬರುತ್ತೆ. ಅರೆ ಯಾರಿಗೂ ಕೇಳ್ಸಲ್ಲ. ಸೋಮ ಹೊತ್ತವನು ಯಾವ ತಾಳಕ್ಕೆ ಕುಣೀಬೇಕು ಹೇಳಿ? ಡಿಜೆ ಬೇಡ ಅನ್ನೋಕೆ ನಾನು ಅಜ್ಜಿ ಅಲ್ಲ, ನಾನೂ ಕುಣಿದಿದೀನಿ, ವಿಡಿಯೋ ನಿಮ್ಮ ಹತ್ರಾನೇ ಇದೆ. ಅಮ್ಮ ಗುಡಿ ತುಂಬಿದ ಮೇಲೆ ಹಾಕ್ಲಿ, ರಾತ್ರಿ ಎಲ್ಲ ಕುಣಿಯೋಣ. ಖರ್ಚಿನ ಪಟ್ಟಿಯನ್ನೂ ನೋಡಿ. ನಾನು ನೋಡಿದ ಒಂದು ಹಬ್ಬದ ಲೆಕ್ಕದಲ್ಲಿ ಡಿಜೆಗೆ ಕೊಟ್ಟಿದ್ದರ ಕಾಲು ಭಾಗವೂ ಕುಣಿತದವರು, ಅರೆಯವರು ಎಲ್ಲ ಸೇರಿ ಅವರ ಕೈಗೆ ಹೋಗಿರಲಿಲ್ಲ. ಡಿಜೆಯವನಿಗೆ ಅಡ್ವಾನ್ಸು. ಇವರಿಗೆ "ಹಬ್ಬ ಮುಗೀಲಿ, ನೋಡಾಣ".

ಊಟದ ವಿಷಯ ಬರೆಯೋಕೆ ಕೈ ತಡೆಯುತ್ತೆ, ಆದ್ರೂ ಬರೀತೀನಿ. ಬೆಳಿಗ್ಗೆಯಿಂದ ಅರೆ ಬಾರಿಸಿದವರಿಗೆ ಎಲ್ಲರದ್ದೂ ಆದ ಮೇಲೆ, ಬೇರೆ ಕಡೆ ಕೂರಿಸಿ ಬಡಿಸೋದನ್ನ ನಾನು ಕಣ್ಣಾರೆ ನೋಡಿದೀನಿ. ಯಾವ ಊರು ಅಂತ ಹಾಕಲ್ಲ. ಹಾಕಿದ್ರೆ ಊರಿಗೆ ಊರೇ ಜಗಳಕ್ಕೆ ಬರುತ್ತೆ, ಬಡಿಸೋ ಪದ್ಧತಿ ಹಂಗೇ ಉಳಿಯುತ್ತೆ. ಅವರು ಇಲ್ಲದೆ ಅಮ್ಮ ಗುಡಿಯಿಂದ ಹೊರಗೇ ಬರಲ್ಲ ಅಂತ ನಂಬ್ತೀವಿ, ಅವರ ಪಕ್ಕ ಎಲೆ ಹಾಕಿಕೊಂಡು ಕೂರೋಕೆ ಮಾತ್ರ ಆಗಲ್ಲ. ಹಬ್ಬ ನಮ್ದು ಅಂತ ಬ್ಯಾನರ್ ಕಟ್ತೀವಲ್ಲ, ಆ "ನಮ್ದು" ಯಾರ್ದು?

ಬೇರೆ ಥರವೂ ಆಗುತ್ತೆ ಅನ್ನೋಕೆ ನಮ್ಮ ಸೀಮೇಲೇ ಸಾಕ್ಷಿ ಇದೆ. ಚಿಕ್ಕನಾಯಕನಹಳ್ಳಿಯ ತಾತಯ್ಯನವರ ಉರುಸ್‌ಗೆ ಹೋಗಿ ಬನ್ನಿ. ಸಕ್ಕರೆ ಓದಿಸೋಕೆ ನಿಂತ ಸಾಲಲ್ಲಿ ಯಾರು ಯಾವ ಜನ ಅಂತ ವಿಂಗಡಿಸೋಕೆ ಹೋದ್ರೆ ನಿಮಗೇ ತಲೆ ಕೆಡುತ್ತೆ.

7/7

"ಹಾಗಾದ್ರೆ ನಾವೆಲ್ಲ ಓದು ಬಿಟ್ಟು ಮರ ಹತ್ಬೇಕಾ?" ಅಂತ ಒಬ್ಬ ಹೋದ ಕಂತಿಗೇ ಮೆಸೇಜ್ ಹಾಕಿದ್ದ. ಬೇಡಪ್ಪ. ನಾನೂ ಡಿಗ್ರಿ ಮುಗಿಸಿ ಬೆಂಗಳೂರಿಗೋ ಎಲ್ಲಿಗೋ ಹೋಗೋಳೇ. ಅರೆ ಬಾರಿಸೋರ ಮಗಳು ನನ್ನ ಜೊತೆ ಸಿಎ ಓದ್ಬೇಕು ಅಂತಿದ್ರೆ ಅವಳನ್ನ "ನಿಮ್ಮ ಕಲೆ ಉಳಿಸಿ" ಅಂತ ತಡೆಯೋಕೆ ನಾನ್ಯಾರು? ಪರಂಪರೆ ಉಳಿಸೋ ಭಾರಾನ ಬಡವರ ಮನೆ ಮಕ್ಕಳ ಮೇಲೇ ಹೊರಿಸೋದು ನಮಗೆ ಬಹಳ ಸುಲಭ. ಕಲೀಬೇಕು ಅನ್ನೋ ಆಸೆ ಇದ್ರೆ ಗೌಡರ ಮನೆ ಹುಡುಗನೂ ಅರೆ ಹಿಡೀಲಿ, ಲಿಂಗಾಯತರ ಮನೆ ಹುಡುಗಿಯೂ ಹಿಡೀಲಿ. ಕಲಿಸೋರಿಗೆ ಟ್ಯೂಷನ್ ಮೇಷ್ಟ್ರಿಗೆ ಕೊಟ್ಟಂಗೆ ಫೀಸು ಕೊಡ್ಲಿ.

"ನಮ್ಮಂಥ ಹುಡುಗ್ರ ಮಾತು ಕಮಿಟಿ ಕೇಳುತ್ತಾ?" ಅಂತ ಇನ್ನೊಂದು ಪ್ರಶ್ನೆ. ಪೂರ್ತಿ ಕೇಳಲ್ಲ. ಆದ್ರೆ ಹಬ್ಬಕ್ಕೆ ಮನೆಮನೆ ಚಂದಾ ಎತ್ತೋರು ಯಾರು? ನಾವೇ. ರಸೀದಿ ಪುಸ್ತಕ ಬರೆಯೋರು? ಬಿಕಾಂ ಓದ್ತಾವ್ರೆ ಅಂತ ನಮ್ಮ ಕೈಗೇ ಕೊಡ್ತಾರೆ. ಚಂದಾ ಎತ್ತೋಕೆ ಹೋಗೋ ಮುಂಚೆ ಒಂದು ಸಾಲು ಒಪ್ಪಿಸ್ಕೊಳ್ಳಿ. ಸೋಮ, ಅರೆ ತಂಡಕ್ಕೂ ಡಿಜೆ ಥರಾನೇ ಅಡ್ವಾನ್ಸು, ಮೊದಲ ಪಂಕ್ತೀಲಿ ಎಲೆ. ಒಪ್ಪಲಿಲ್ಲ ಅಂದ್ರೆ ರಸೀದಿ ಪುಸ್ತಕ ಅವರೇ ಹಿಡ್ಕೊಂಡು ಮನೆಮನೆ ಅಲೀಲಿ. ಈ ಸಲ ನಮ್ಮ ಬೀದಿಯ ಆರು ಜನ ಇದನ್ನೇ ಹೇಳೋದು ಅಂತ ತೀರ್ಮಾನ ಮಾಡಿದೀವಿ. ಅಪ್ಪಾಜಿಗೆ ಹೇಳಿದೆ. ಅವರು ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ, "ಅಜ್ಜೀನ ಕೇಳು" ಅಂದ್ರು. ಅಜ್ಜಿ, "ಎಲೆ ನಾನೇ ಹಾಕ್ತೀನಿ, ಯಾರ್ ಎಬ್ಬಿಸ್ತಾರೆ ನೋಡಾಣ" ಅಂದ್ರು.

ಭಾನುವಾರ ಬೆಳಿಗ್ಗೆ ಅರೆ ಬಾರಿಸೋರ ಮನೆಗೆ ಹೋಗ್ತಾ ಇದೀವಿ. ಅವರೇ ಕರೆದಿದಾರೆ, ಹೆಸರು ಹಾಕೋಕೂ ಒಪ್ಪಿದಾರೆ, ಮುಂದಿನ ಕಂತು ಅವರದ್ದೇ. ಎರಡು ಬೈಕ್ ಇದೆ, ಹಿಂದೆ ಒಂದು ಸೀಟು ಖಾಲಿ. ಬರೋರು ಶನಿವಾರ ಸಂಜೆಯೊಳಗೆ ಮೆಸೇಜ್ ಮಾಡಿ. ಟ್ರೈಪಾಡ್ ತರಬೇಡಿ, ನೋಟ್‌ಬುಕ್ ತನ್ನಿ. ಕೇರ ಸುರಕ್ಷಾ ಫಾರ್ಮ್ ಬೇಕಾದವರಿಗೆ ಪ್ರಿಂಟ್ ತೆಗೆದಿಟ್ಟಿದೀನಿ, ಕ್ಲಾಸಲ್ಲಿ ಮೂರನೇ ಬೆಂಚಿನ ಹತ್ರ ಬನ್ನಿ.

#ಹೋಬಳಿಕಥೆ #ದಬ್ಬೇಘಟ್ಟ #ತುರುವೇಕೆರೆ #ತೆಂಗಿನಸೀಮೆ #ಸೋಮನಕುಣಿತ #ಅರೆವಾದ್ಯ